ಟೇಬಲ್ ಗರಗಸದ ಕೊಯ್ತ ಸರಿಬಾರದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಯ್ದ ತುಂಡುಗಳು ಒಂದಕ್ಕೊಂದು ಕೂಡದೆ ಹೋದಾಗ ಹೆಚ್ಚಿನವರು ಮೊದಲು ಕೈಹಾಕುವುದು ಫೆನ್ಸಿಗೆ, ಅಂದರೆ ಸೀಳುವಾಗ ಹಲಗೆಯ ಅಂಚು ಒರಗಿ ಸಾಗುವ ಉದ್ದನೆಯ ಪಟ್ಟಿಗೆ. ಅದು ಕಣ್ಣೆದುರಿಗೇ ಇರುವ, ಸುಲಭವಾಗಿ ತಿರುಗಿಸಬಹುದಾದ ಭಾಗವಾದ್ದರಿಂದ ಹಾಗಾಗುವುದು ಸಹಜ. ಆದರೆ ಗರಗಸದ ಒಂದೊಂದು ಭಾಗದ ಹೊಂದಾಣಿಕೆಯೂ ಇನ್ನೊಂದನ್ನು ಆಧರಿಸಿರುವುದರಿಂದ, ಅನುಕ್ರಮ ತಪ್ಪಿ ಮಾಡಿದ ರಿಪೇರಿ ಒಂದು ದೋಷವನ್ನು ಮುಚ್ಚಿ ಮತ್ತೊಂದನ್ನು ಹುಟ್ಟಿಸುತ್ತದೆ. ಮೇಜಿನಲ್ಲಿ ಮೈಟರ್ ಗೇಜ್ (ಅಡ್ಡ ಕೊಯ್ಯುವಾಗ ತುಂಡನ್ನು ಬೇಕಾದ ಕೋನದಲ್ಲಿ ಹಿಡಿದು ತಳ್ಳುವ ಸಾಧನ) ಜಾರುವ ಉದ್ದನೆಯ ತೋಡು, ಅಂದರೆ ಸ್ಲಾಟ್, ಎರಕದಲ್ಲೇ ಕಡೆದಿರುವಂಥದು. ಅದನ್ನು ಕದಲಿಸಲು ಬರುವುದಿಲ್ಲ. ಆದ್ದರಿಂದ ಬ್ಲೇಡ್, ಫೆನ್ಸ್, ಮೈಟರ್ ಗೇಜ್ ಮೂರನ್ನೂ ಆ ಸ್ಲಾಟಿಗೇ ಹೋಲಿಸಿ ನೋಡಬೇಕು. ಮುಂದಿನ ಎಲ್ಲ ಉತ್ತರಗಳೂ ಈ ಒಂದು ವಿಷಯವನ್ನು ನೆಚ್ಚಿಕೊಂಡಿವೆ.

ಇಲ್ಲಿ ಹೇಳಿರುವ ಯಾವುದೇ ಅಳತೆ ಅಥವಾ ಹೊಂದಾಣಿಕೆಯನ್ನು ಮಾಡುವಾಗ ಗರಗಸದ ಪ್ಲಗ್ ಕಿತ್ತಿಟ್ಟಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಅಳತೆಗಾಗಿ ತೆಗೆದ ಬ್ಲೇಡ್ ಗಾರ್ಡನ್ನು ಪ್ರಯೋಗದ ಕೊಯ್ತಕ್ಕೂ ಮೊದಲೇ ಮತ್ತೆ ಕೂರಿಸಬೇಕು.

ತಪ್ಪು ಗರಗಸದ್ದೋ ಮರದ್ದೋ ಎಂದು ತಿಳಿಯುವುದು ಹೇಗೆ?

ಒಂದು ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯನ್ನೋ ಒಳ್ಳೆಯ ಪ್ಲೈವುಡ್ಡನ್ನೋ ತೆಗೆದುಕೊಂಡು ಅದೇ ಕೊಯ್ತವನ್ನು ಮಾಡಿ ನೋಡಿ. ಇಡೀ ಮರದ, ಅಂದರೆ ದಿಮ್ಮಿಯಿಂದ ನೇರವಾಗಿ ಕೊಯ್ದ, ಹಲಗೆಯಲ್ಲಿ ಒಣಗುವಾಗ ಉಳಿದ ಒಳಬಿಗಿತ ಇರುತ್ತದೆ. ಸೀಳಿದೊಡನೆ ಅದು ಸಡಿಲಗೊಂಡು ಪಟ್ಟಿ ಬಿಲ್ಲಿನಂತೆ ಬಾಗಬಹುದು ಅಥವಾ ತಿರುಚಿಕೊಳ್ಳಬಹುದು. ಎಂ.ಡಿ.ಎಫ್.ನಲ್ಲಿ ಅಂಥ ಬಿಗಿತ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಕೊಯ್ತ ನೇರವಾಗಿ, ಅಗಲ ಉದ್ದಕ್ಕೂ ಒಂದೇ ಸಮನಾಗಿ ಬಂದರೆ ಗರಗಸವನ್ನು ಮುಟ್ಟುವ ಅಗತ್ಯವಿಲ್ಲ, ಮರದ ತಯಾರಿಯತ್ತ ನೋಡಬೇಕು. ಅದರಲ್ಲೂ ಅದೇ ತಪ್ಪು ಕಂಡರೆ ಮಾತ್ರ ಉಪಕರಣಗಳನ್ನು ಹೊರತೆಗೆಯಿರಿ. ಕೆಲವೇ ನಿಮಿಷ ಹಿಡಿಯುವ ಈ ಪರೀಕ್ಷೆಯನ್ನು ಬಿಟ್ಟು ದಿನವಿಡೀ ಬೋಲ್ಟುಗಳೊಡನೆ ಹೆಣಗಾಡಿದವರು ಅನೇಕರಿದ್ದಾರೆ. ಆರಂಭದ ದಿನಗಳಲ್ಲಿ ನಾನೂ ಹಾಗೆಯೇ ಮಾಡಿದ್ದೆ, ಕೊನೆಗೆ ತಪ್ಪು ಒಂದು ಡೊಂಕು ಹಲಗೆಯದಾಗಿತ್ತು.

ಪರೀಕ್ಷೆ ಮತ್ತು ಹೊಂದಾಣಿಕೆಯನ್ನು ಯಾವ ಅನುಕ್ರಮದಲ್ಲಿ ಮಾಡಬೇಕು?

ಮೊದಲು ಬ್ಲೇಡ್ ಮತ್ತು ಅದು ಕೂರುವ ಷಾಫ್ಟ್ ಅಲುಗಾಡದೆ ತಿರುಗುತ್ತಿವೆಯೇ ಎಂದು ನೋಡಬೇಕು, ಏಕೆಂದರೆ ಓಲಾಡುವ ಬ್ಲೇಡನ್ನು ಆಧಾರವಾಗಿಟ್ಟುಕೊಂಡು ಅಳೆದದ್ದೆಲ್ಲವೂ ವ್ಯರ್ಥವಾಗುತ್ತದೆ. ಅನಂತರ ಬ್ಲೇಡನ್ನು ಸ್ಲಾಟಿಗೆ ಸಮಾನಾಂತರಗೊಳಿಸಬೇಕು. ಆಮೇಲೆ ಬ್ಲೇಡಿನ ಹಿಂದೆ ನಿಂತು ಕೊಯ್ದ ಸಂದು ಮುಚ್ಚದಂತೆ ತಡೆಯುವ ರೈವಿಂಗ್ ನೈಫನ್ನು ಬ್ಲೇಡಿನ ನೇರಕ್ಕೆ ತರಬೇಕು, ಫೆನ್ಸನ್ನು ಸ್ಲಾಟಿಗೆ ಹೊಂದಿಸಬೇಕು, ಬ್ಲೇಡ್ ಮೇಜಿಗೆ ಲಂಬವಾಗಿದೆಯೇ ನೋಡಬೇಕು. ಮೈಟರ್ ಗೇಜ್ ಕೊನೆಯದು. ಫೆನ್ಸನ್ನು ನೇರವಾಗಿ ಬ್ಲೇಡಿಗೆ ಹೊಂದಿಸಿ, ಸ್ಲಾಟನ್ನು ಮರೆತವರ ಗರಗಸದಲ್ಲಿ ಸೀಳುವ ಕೆಲಸ ಚೆನ್ನಾಗಿ ನಡೆದು, ಅಡ್ಡ ಕೊಯ್ಯುವಾಗ ಮಾತ್ರ ಅಂಚು ಒರಟಾಗುವುದನ್ನು ನೀವು ಕಂಡಿರಬಹುದು. ಅದಕ್ಕೆ ಕಾರಣ ಈ ಅನುಕ್ರಮ ತಪ್ಪಿದ್ದೇ.

ಬ್ಲೇಡ್ ಓಲಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ಮೈಟರ್ ಗೇಜಿನ ಮೇಲೆ ಕಟ್ಟಿ, ಅದರ ಅಳೆಯುವ ತುದಿ ಹಲ್ಲುಗಳ ಬುಡದ ಸ್ವಲ್ಪ ಒಳಗೆ ಬ್ಲೇಡಿನ ಸಪಾಟು ಭಾಗಕ್ಕೆ ತಾಗುವಂತೆ ಇಟ್ಟು, ಬ್ಲೇಡನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಮುಳ್ಳು ಗರಿಷ್ಠ ಹೊರಳಿದ ಜಾಗದಲ್ಲಿ ಬ್ಲೇಡಿನ ಮೇಲೂ, ಅದಕ್ಕೆ ನೇರವಾಗಿ ಷಾಫ್ಟಿನ ತುದಿಯ ಮೇಲೂ ಗುರುತು ಹಾಕಿ. ಈಗ ನಟ್ಟನ್ನು ಸಡಿಲಿಸಿ, ಷಾಫ್ಟನ್ನು ಹಾಗೆಯೇ ಬಿಟ್ಟು ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಬಿಗಿದು ಮತ್ತೆ ಅಳೆಯಿರಿ. ಗರಿಷ್ಠ ಜಾಗವು ಬ್ಲೇಡಿನ ಗುರುತಿನ ಜೊತೆ ಸಾಗಿದ್ದರೆ ಬ್ಲೇಡ್ ಸೊಟ್ಟಗಾಗಿದೆ; ಷಾಫ್ಟಿನ ಗುರುತಿನ ಬಳಿಯೇ ಉಳಿದಿದ್ದರೆ ದೋಷ ಷಾಫ್ಟಿನದು ಅಥವಾ ಬ್ಲೇಡನ್ನು ಒತ್ತಿ ಹಿಡಿಯುವ ಫ್ಲ್ಯಾಂಜಿನದು.

ಫ್ಲ್ಯಾಂಜಿನ ಮೇಲೆ ಅಂಟಿದ ಮರದ ಹೊಟ್ಟಿನ ಒಂದು ಕಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 254 ಮಿ.ಮೀ. ಬ್ಲೇಡಿನ ಅರ್ಧವ್ಯಾಸ 127 ಮಿ.ಮೀ.; ಫ್ಲ್ಯಾಂಜಿನ ಅಂಚು ಕೇಂದ್ರದಿಂದ ಸುಮಾರು 25 ಮಿ.ಮೀ. ದೂರದಲ್ಲಿದ್ದರೆ, ಅಲ್ಲಿನ 0.02 ಮಿ.ಮೀ. ಏರುಪೇರು ಹಲ್ಲಿನ ತುದಿಯಲ್ಲಿ ಐದು ಪಟ್ಟು ಬೆಳೆದು 0.1 ಮಿ.ಮೀ. ಆಗುತ್ತದೆ. ಹಾಗಾಗಿ ಬ್ಲೇಡ್ ಬದಲಿಸುವಾಗಲೆಲ್ಲ ಫ್ಲ್ಯಾಂಜಿನ ಎರಡೂ ಮುಖಗಳನ್ನು ಒರೆಸಬೇಕು. ತುಕ್ಕಿನ ಗುಳ್ಳೆಯೋ ಸಣ್ಣ ಮುಳ್ಳೋ ಬೆರಳಿಗೆ ತಾಗಿದರೆ ಸಪಾಟಾದ ಸಾಣೆಕಲ್ಲಿನ ಮೇಲೆ ಹಗುರವಾಗಿ ಉಜ್ಜಬಹುದು. ಷಾಫ್ಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದಾಗ ಆಟ ಕಂಡುಬಂದರೆ ಬೇರಿಂಗ್ ಸವೆದಿದೆ ಎಂದರ್ಥ. ಅದನ್ನು ಬದಲಿಸುವ ತನಕ ಉಳಿದ ಹೊಂದಾಣಿಕೆಗಳಿಗೆ ಕೈಹಾಕಬೇಡಿ.

ಬ್ಲೇಡ್ ಸ್ಲಾಟಿಗೆ ಸಮಾನಾಂತರವಾಗಿದೆಯೇ ಎಂದು ಅಳೆಯುವುದು ಹೇಗೆ? ದುಬಾರಿ ಉಪಕರಣ ಬೇಕೇ?

ಬೇಕಿಲ್ಲ. ಅಳತೆಪಟ್ಟಿ ಜಾರುವ ಕಾಂಬಿನೇಷನ್ ಸ್ಕ್ವೇರ್ ಎಂಬ ಮೂಲೆಮಟ್ಟ ಇದ್ದರೆ ಸಾಕು. ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಬಣ್ಣದ ಪೆನ್ನಿನಿಂದ ಗುರುತು ಹಾಕಿ, ಅದನ್ನು ಮೇಜಿನ ಮುಂಭಾಗಕ್ಕೆ, ಅಂದರೆ ನೀವು ನಿಲ್ಲುವ ಕಡೆಗೆ ತನ್ನಿ. ಮೂಲೆಮಟ್ಟದ ತಲೆಯನ್ನು ಸ್ಲಾಟಿನ ಗೋಡೆಗೆ ಒತ್ತಿ ಹಿಡಿದು, ಅಳತೆಪಟ್ಟಿಯ ತುದಿಯು ಆ ಹಲ್ಲನ್ನು ಕೇವಲ ಸವರುವಂತೆ ಜಾರಿಸಿ ಬಿಗಿಗೊಳಿಸಿ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ಒಯ್ದು, ಮೂಲೆಮಟ್ಟವನ್ನೂ ಸ್ಲಾಟಿನಲ್ಲಿ ಹಿಂದಕ್ಕೆ ಜಾರಿಸಿ ಮತ್ತೆ ನೋಡಿ. ಎರಡೂ ಕಡೆ ಒಂದೇ ಬಗೆಯ ಸಣ್ಣ ಸವರುವ ಸದ್ದು ಕೇಳಿಸಿದರೆ ಬ್ಲೇಡ್ ಸರಿಯಿದೆ. ಹಿಂದೆ ಸಂದು ಉಳಿದರೆ ಅದರಲ್ಲಿ ಫೀಲರ್ ಗೇಜ್, ಅಂದರೆ ದಪ್ಪ ಗೊತ್ತಿರುವ ತೆಳು ಲೋಹದ ಹಾಳೆ, ತೂರಿಸಿ ಎಷ್ಟೆಂದು ಅಳೆಯಬಹುದು.

ಮುಂದೆ ಒಂದು ಹಲ್ಲು, ಹಿಂದೆ ಇನ್ನೊಂದು ಹಲ್ಲನ್ನು ಅಳೆಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಬ್ಲೇಡಿನಲ್ಲಿ ಸ್ವಲ್ಪವಾದರೂ ಸೊಟ್ಟ ಇದ್ದೇ ಇರುತ್ತದೆ. ಬೇರೆ ಬೇರೆ ಹಲ್ಲುಗಳನ್ನು ಅಳೆದರೆ ಆ ಸೊಟ್ಟವೂ ಅಳತೆಯೊಳಗೆ ಬೆರೆತುಹೋಗುತ್ತದೆ. ಒಂದೇ ಹಲ್ಲನ್ನು ಎರಡೂ ಕಡೆ ಅಳೆದಾಗ ಅದು ಲೆಕ್ಕದಿಂದ ತಾನಾಗಿ ಕಳೆದುಹೋಗುತ್ತದೆ.

ಎಷ್ಟು ವ್ಯತ್ಯಾಸವಿದ್ದರೆ ಚಿಂತಿಸಬೇಕಾಗಿಲ್ಲ?

ಒಂದೇ ಹಲ್ಲಿನ ಮುಂದಿನ ಮತ್ತು ಹಿಂದಿನ ಅಳತೆಗಳ ನಡುವೆ 0.1 ಮಿ.ಮೀ. ಒಳಗಿನ ವ್ಯತ್ಯಾಸ ಮನೆಯ ಕೆಲಸಕ್ಕೆ ಸಾಕಷ್ಟು ಒಳ್ಳೆಯದು, 0.05 ಮಿ.ಮೀ.ಗೆ ಇಳಿಸಿದರೆ ಪೀಠೋಪಕರಣದ ನಾಜೂಕು ಜೋಡಣೆಗೂ ಆಯಿತು. ಅದಕ್ಕಿಂತ ಕೆಳಗೆ ಇಳಿಸುವ ಹಟ ಬೇಡ. ಮರವು ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುವುದೇ ಅದಕ್ಕಿಂತ ಹೆಚ್ಚಿರುತ್ತದೆ.

ಬ್ಲೇಡ್ ಸಮಾನಾಂತರವಾಗಿಲ್ಲದಿದ್ದರೆ ಸರಿಪಡಿಸುವುದು ಹೇಗೆ?

ಇದು ಗರಗಸದ ರಚನೆಯನ್ನು ಅವಲಂಬಿಸಿದೆ. ಭಾರವಾದ ಕ್ಯಾಬಿನೆಟ್ ಮಾದರಿಯಲ್ಲಿ ಬ್ಲೇಡನ್ನು ಹೊತ್ತ ಯಂತ್ರಭಾಗವು ಕೆಳಗಿನ ಪೆಟ್ಟಿಗೆಗೆ ಕೂಡಿರುತ್ತದೆ, ಮೇಜು ಅದರ ಮೇಲೆ ನಾಲ್ಕು ಬೋಲ್ಟುಗಳಲ್ಲಿ ಕೂತಿರುತ್ತದೆ; ಮೂರು ಬೋಲ್ಟುಗಳನ್ನು ಪೂರ್ತಿ ಸಡಿಲಿಸಿ, ನಾಲ್ಕನೆಯದನ್ನು ತುಸುವೇ ಸಡಿಲಿಸಿ, ಅದನ್ನೇ ತಿರುಗುಬಿಂದುವಾಗಿಸಿಕೊಂಡು ಮೇಜನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕದಲಿಸಬೇಕು. ಹೊತ್ತೊಯ್ಯಬಹುದಾದ ಸಣ್ಣ ಗರಗಸಗಳಲ್ಲಿ ಮತ್ತು ತೆರೆದ ಕಾಲುಗಳ ಹಳೆಯ ಮಾದರಿಗಳಲ್ಲಿ ಯಂತ್ರಭಾಗವು ಮೇಜಿನ ಅಡಿಯಿಂದ ನೇತಾಡುತ್ತಿರುತ್ತದೆ. ಅಲ್ಲಿ ಅದರ ಹಿಂದಿನ ಬೋಲ್ಟುಗಳನ್ನು ಸಡಿಲಿಸಿ ಆ ಭಾಗವನ್ನೇ ತಟ್ಟಬೇಕಾಗುತ್ತದೆ. ಎರಡರಲ್ಲೂ ಬೋಲ್ಟು ಬಿಗಿಯುವಾಗ ಜಾಗ ಕೊಂಚ ಕದಲುತ್ತದೆ. ಆದ್ದರಿಂದ ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ, ಎದುರುಬದುರಾಗಿ ಬಿಗಿದು, ಬಿಗಿದಾದ ಮೇಲೆ ಮತ್ತೊಮ್ಮೆ ಅಳೆಯಬೇಕು. ಮೂರು ನಾಲ್ಕು ಸಲ ಮಾಡಬೇಕಾಗಿ ಬಂದರೆ ಅದು ನಿಮ್ಮ ಕೈಯ ದೋಷವಲ್ಲ. ಎಲ್ಲರಿಗೂ ಹಾಗೆಯೇ ಆಗುತ್ತದೆ.

ಬ್ಲೇಡ್ ನೇರವಾಗಿದ್ದಾಗ ಎಲ್ಲವೂ ಸರಿಯಿದೆ, ಆದರೆ 45 ಡಿಗ್ರಿಗೆ ಓರೆ ಮಾಡಿದೊಡನೆ ಕೊಯ್ತ ಕೆಡುತ್ತದೆ. ಏಕೆ?

ಬ್ಲೇಡ್ ಓರೆಯಾಗುವಾಗ ಯಾವ ಅಕ್ಷದ ಸುತ್ತ ಹೊರಳುತ್ತದೋ ಆ ಅಕ್ಷವು ಮೇಜಿನ ಮೇಲ್ಮೈಗೆ ಸಮಾನಾಂತರವಾಗಿಲ್ಲ. ಬ್ಲೇಡ್ ಲಂಬವಾಗಿರುವಾಗ ಈ ದೋಷ ಕಾಣಿಸುವುದಿಲ್ಲ. ಓರೆಯಾದಂತೆಲ್ಲ ಅದು ಸಮಾನಾಂತರದ ದೋಷವಾಗಿ ಹೊರಬೀಳುತ್ತದೆ. ಬ್ಲೇಡನ್ನು 45 ಡಿಗ್ರಿಗೆ ಹೊರಳಿಸಿ ಮುಂಚಿನಂತೆಯೇ ಒಂದೇ ಹಲ್ಲನ್ನು ಮುಂದೆಯೂ ಹಿಂದೆಯೂ ಅಳೆದು ನೋಡಿದರೆ ಖಚಿತವಾಗುತ್ತದೆ. ಪರಿಹಾರವೆಂದರೆ ಮೇಜಿನ ಮುಂದಿನ ಎರಡು ಮೂಲೆಗಳ ಅಡಿಗೋ ಹಿಂದಿನ ಎರಡು ಮೂಲೆಗಳ ಅಡಿಗೋ ತೆಳು ತಗಡಿನ ಚೂರುಗಳನ್ನು ಇಟ್ಟು ಎತ್ತರಿಸುವುದು. ಯಾವ ಕಡೆ ಎಂಬುದನ್ನು ಒಂದು ಕಡೆ ಇಟ್ಟು ಅಳೆದು, ವ್ಯತ್ಯಾಸ ಹೆಚ್ಚಿದರೆ ಇನ್ನೊಂದು ಕಡೆಗೆ ಬದಲಿಸಿ ತಿಳಿಯಬೇಕು. ಓರೆ ಕೊಯ್ತ ಅಪರೂಪಕ್ಕೆ ಮಾಡುವವರು ಈ ಕೆಲಸವನ್ನು ಧೈರ್ಯವಾಗಿ ಮುಂದೂಡಬಹುದು.

ಸೀಳಿದ ಪಟ್ಟಿ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು ಬರುತ್ತದೆ. ಫೆನ್ಸ್ ಸರಿಯಿದೆ. ಮತ್ತೇನಿರಬಹುದು?

ಫೆನ್ಸಿಗೆ ತಾಗಿಸಿದ ಅಂಚು ನೇರವಾಗಿತ್ತೇ ಎಂಬುದು ಮೊದಲ ಪ್ರಶ್ನೆ. ಫೆನ್ಸು ತನಗೆ ತಾಗಿದ ಅಂಚಿನ ಆಕಾರವನ್ನೇ ಎದುರು ಅಂಚಿಗೆ ಕೊಡುತ್ತದೆ. ಹೊರಕ್ಕೆ ಉಬ್ಬಿದ ಅಂಚು ಫೆನ್ಸಿನ ಮೇಲೆ ತೂಗಾಡುತ್ತ ಸಾಗುವಾಗ ಪಟ್ಟಿಯ ಅಗಲ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಉಜ್ಜುಗೊರಡಿನಿಂದ ಒಂದಂಚನ್ನು ನೇರ ಮಾಡಿಕೊಳ್ಳದೆ ಇಡೀ ಮರವನ್ನು ಫೆನ್ಸಿಗೆ ತಾಗಿಸಿ ಸೀಳಬಾರದು. ಇದು ಅಳತೆಯ ಮಾತಷ್ಟೇ ಅಲ್ಲ. ತೂಗಾಡುವ ಹಲಗೆ ಬ್ಲೇಡಿಗೆ ಸಿಕ್ಕಿ ಹಿಂದಕ್ಕೆ ಚಿಮ್ಮುತ್ತದೆ.

ಅಂಚು ನೇರವಿದ್ದರೆ ಫೆನ್ಸಿನ ಬೀಗವನ್ನು ನೋಡಿ. ಬೀಗ ಹಾಕಿದ ಮೇಲೆ ಅದರ ಹಿಂತುದಿಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ಮೊದಲಿದ್ದ ಜಾಗಕ್ಕೆ ಮರಳದಿದ್ದರೆ ಬೀಗದ ಹಿಡಿತ ಸಾಲದು. ಮುಂದಿನ ಹಳಿಗೆ ಮಾತ್ರ ಬೀಗ ಹಾಕುವ ಫೆನ್ಸುಗಳಲ್ಲಿ, ಬೀಗ ಒತ್ತುವ ಮುನ್ನ ತಲೆಯನ್ನು ಹಳಿಗೆ ಒತ್ತಿ ಹಿಡಿಯುವ ಅಭ್ಯಾಸ ಮಾಡಿಕೊಂಡರೆ ಪ್ರತಿಸಲವೂ ಅದು ಒಂದೇ ಕೋನದಲ್ಲಿ ನಿಲ್ಲುತ್ತದೆ. ಫೆನ್ಸಿನ ಮುಖವೇ ಉಬ್ಬಿರುವುದೂ ಉಂಟು. ಉದ್ದನೆಯ ನೇರಪಟ್ಟಿಯನ್ನು ಅದಕ್ಕೆ ತಾಗಿಸಿ ಹಿಂದಿನಿಂದ ಬೆಳಕು ಬಿಟ್ಟರೆ ತಿಳಿಯುತ್ತದೆ.

ಮೂರನೆಯ ಕಾರಣ ಕೈಯ ಒತ್ತಡ. ಹಲಗೆಯನ್ನು ಮುಂದೂಡುವ ಕೈಗಿಂತ ಅದನ್ನು ಫೆನ್ಸಿಗೆ ಒತ್ತುವ ಕೈ ಮುಖ್ಯ, ಮತ್ತು ಅದು ಬ್ಲೇಡಿಗಿಂತ ಮುಂಚಿನ ಜಾಗದಲ್ಲಿರಬೇಕು. ಗರಿಯಂತೆ ಸೀಳು ಸೀಳಾಗಿ ಕೊಯ್ದ ಫೆದರ್ ಬೋರ್ಡನ್ನು ಬಳಸುವವರೂ ಅದನ್ನು ಬ್ಲೇಡಿನ ಮುಂಚೆಯೇ ಕಟ್ಟಬೇಕು. ಬ್ಲೇಡಿನ ಪಕ್ಕಕ್ಕೆ ಅಥವಾ ಹಿಂದಕ್ಕೆ ಕಟ್ಟಿದರೆ ಕೊಯ್ದ ಸಂದನ್ನು ಅದು ಮುಚ್ಚಿ, ಬ್ಲೇಡನ್ನು ಅಮುಕಿಸುತ್ತದೆ. ಕೊನೆಯ ಒಂದು ಗೇಣಿನಲ್ಲಿ ಮಾತ್ರ ಅಗಲ ಕೆಟ್ಟರೆ ಮೇಜಿನ ಹಿಂದೆ ಆಧಾರವಿಲ್ಲದೆ ಹಲಗೆ ಜೋತುಬೀಳುತ್ತಿದೆ ಎಂದು ತಿಳಿಯಿರಿ; ಮೇಜಿಗಿಂತ ಕೂದಲೆಳೆಯಷ್ಟು ತಗ್ಗಿನಲ್ಲಿ ಒಂದು ಆಸರೆ ಇಟ್ಟರೆ ಸರಿಹೋಗುತ್ತದೆ.

ರೈವಿಂಗ್ ನೈಫನ್ನೂ ಮರೆಯಬಾರದು. ಅದು ಬಾಗಿದ್ದರೆ ಅಥವಾ ಬ್ಲೇಡಿನ ನೇರದಿಂದ ಪಕ್ಕಕ್ಕೆ ಸರಿದಿದ್ದರೆ ಹಲಗೆಯನ್ನು ಫೆನ್ಸಿನಿಂದ ಆಚೆಗೆ ತಳ್ಳುತ್ತದೆ ಅಥವಾ ಫೆನ್ಸಿಗೆ ಒತ್ತಿ ಸಿಕ್ಕಿಸುತ್ತದೆ. ಬ್ಲೇಡಿನ ಎರಡೂ ಬದಿಗೆ ನೇರಪಟ್ಟಿ ಇಟ್ಟು, ನೈಫ್ ಆ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಅದರ ದಪ್ಪ ಬ್ಲೇಡಿನ ಹಾಳೆಗಿಂತ ಹೆಚ್ಚಾಗಿ, ಹಲ್ಲುಗಳು ಕೊಯ್ಯುವ ಸಂದಿಗಿಂತ ಕಡಿಮೆಯಾಗಿ ಇರಬೇಕು. ತೆಳು ಬ್ಲೇಡ್ ಹಾಕಿ ದಪ್ಪ ಬ್ಲೇಡಿನ ನೈಫನ್ನೇ ಉಳಿಸಿಕೊಂಡವರಿಗೆ ಹಲಗೆ ಅರ್ಧದಲ್ಲಿ ನಿಂತುಹೋಗುವುದು ಇದೇ ಕಾರಣಕ್ಕೆ.

ಫೆನ್ಸಿನ ಹಿಂತುದಿಯನ್ನು ಬ್ಲೇಡಿನಿಂದ ತುಸು ದೂರ ಇಡಬೇಕೆಂದು ಕೆಲವರು ಹೇಳುತ್ತಾರೆ. ಸರಿಯೇ?

ಸ್ಲಾಟಿಗೆ ಪೂರ್ಣ ಸಮಾನಾಂತರವಾಗಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಬ್ಲೇಡಿನ ಹಿಂದಿನ ಹಲ್ಲುಗಳ ಬಳಿ 0.05 ಮಿ.ಮೀ.ನಷ್ಟು ತೆರೆದಿಟ್ಟರೆ ತೊಂದರೆಯಿಲ್ಲ. ನಿಮ್ಮ ಅಳತೆಯಲ್ಲಿ ಆಗಬಹುದಾದ ಸಣ್ಣ ತಪ್ಪು ಅಪಾಯದ ಕಡೆಗೆ ವಾಲದಂತೆ ಅದು ಕಾಯುತ್ತದೆ. ಆದರೆ ಹಿಂತುದಿ ಒಳಕ್ಕೆ, ಅಂದರೆ ಬ್ಲೇಡಿನ ಕಡೆಗೆ ವಾಲುವುದನ್ನು ಎಂದಿಗೂ ಬಿಡಬಾರದು. ಆಗ ಹಲಗೆಯು ಫೆನ್ಸು ಮತ್ತು ಬ್ಲೇಡಿನ ಹಿಂಭಾಗದ ನಡುವೆ ಅಮುಕಿಕೊಳ್ಳುತ್ತದೆ. ಮೇಜಿನಿಂದ ಮೇಲೇರುವ ಹಿಂದಿನ ಹಲ್ಲುಗಳು ಅದನ್ನು ಎತ್ತಿ ನಿಮ್ಮತ್ತ ಎಸೆಯುತ್ತವೆ. ನಿಮಿಷಕ್ಕೆ 4000 ಸುತ್ತು ತಿರುಗುವ 254 ಮಿ.ಮೀ. ಬ್ಲೇಡಿನ ಹಲ್ಲಿನ ವೇಗ ಸೆಕೆಂಡಿಗೆ ಸುಮಾರು 53 ಮೀಟರ್. ಎಸೆಯಲ್ಪಟ್ಟ ಹಲಗೆಯಿಂದ ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಕೊಯ್ದ ಅಂಚು ಸುಟ್ಟಂತೆ ಕಪ್ಪಾಗುತ್ತದೆ, ಹಲ್ಲಿನ ಗೀರುಗಳೂ ಕಾಣುತ್ತವೆ. ಅವುಗಳಿಂದ ಏನು ತಿಳಿಯಬಹುದು?

ಬಹಳಷ್ಟು ತಿಳಿಯಬಹುದು. ಕೊಯ್ದ ಮುಖವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಂದಿನ ಹಲ್ಲುಗಳು ಒಂದು ಕಡೆಗೆ ಬಾಗಿದ ಕಮಾನಿನಂತಹ ಗೀರುಗಳನ್ನೂ, ಹಿಂದಿನ ಹಲ್ಲುಗಳು ಅದಕ್ಕೆ ಎದುರಾಗಿ ಬಾಗಿದ ಗೀರುಗಳನ್ನೂ ಬಿಡುತ್ತವೆ. ಸಂದಿನ ಎರಡೂ ಬದಿಯ ತುಂಡುಗಳಲ್ಲಿ ಎರಡೂ ಬಗೆಯ ಗೀರುಗಳು ಹಗುರವಾಗಿ, ಒಂದನ್ನೊಂದು ದಾಟುತ್ತ ಕಂಡರೆ ಬ್ಲೇಡ್ ಹಲಗೆಯ ಸಾಗುವ ದಾರಿಗೆ ಸಮಾನಾಂತರವಾಗಿದೆ. ಫೆನ್ಸಿನ ಕಡೆಯ ತುಂಡಿನಲ್ಲಿ ಮಾತ್ರ ಹಿಂದಿನ ಹಲ್ಲಿನ ಗೀರುಗಳು ಆಳವಾಗಿ, ಅಲ್ಲಿಯೇ ಕಪ್ಪಾಗಿ ಇದ್ದರೆ ಬ್ಲೇಡಿನ ಹಿಂಭಾಗ ಮತ್ತು ಫೆನ್ಸು ಪರಸ್ಪರ ಹತ್ತಿರವಾಗಿವೆ. ಆಚೆಯ ತುಂಡಿನಲ್ಲಿ ಹಾಗಿದ್ದರೆ ಅದರ ವಿರುದ್ಧ.

ಎರಡೂ ಕಡೆ ಸಮನಾಗಿ ಕಪ್ಪಾದರೆ ಹೊಂದಾಣಿಕೆಯನ್ನು ದೂರಬೇಡಿ. ಮೊಂಡಾದ ಹಲ್ಲು, ಹಲ್ಲಿಗೆ ಗಟ್ಟಿಯಾಗಿ ಅಂಟಿದ ರಾಳ, ತೀರಾ ನಿಧಾನವಾಗಿ ತಳ್ಳುವುದು ಅಥವಾ ನಡುವೆ ನಿಲ್ಲಿಸುವುದು, ಇವುಗಳಲ್ಲಿ ಒಂದಿರುತ್ತದೆ. ರಾಳ ಅಂಟಿದ ಬ್ಲೇಡನ್ನು ಸೋಪಿನ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಡನೆಯೇ ಒಣಗಿಸಿದರೆ ಎಷ್ಟೋ ಸಲ ಮೊಂಡಾಗಿದೆ ಎಂದುಕೊಂಡ ಬ್ಲೇಡ್ ಮತ್ತೆ ಸಲೀಸಾಗಿ ಕೊಯ್ಯುತ್ತದೆ.

ಅಂಚು ಮೇಲ್ಮೈಗೆ ಲಂಬವಾಗಿ ಬರುವುದಿಲ್ಲ. ಗರಗಸದ ಮಾಪಕ 90 ಡಿಗ್ರಿಯನ್ನೇ ತೋರಿಸುತ್ತಿದೆ.

ಮಾಪಕದ ಮುಳ್ಳನ್ನು ನಂಬಬೇಡಿ. ದಪ್ಪನೆಯ ಒಂದು ತುಂಡನ್ನು ಅಡ್ಡವಾಗಿ ಕೊಯ್ದು, ಎರಡು ಅರ್ಧಗಳಲ್ಲಿ ಒಂದನ್ನು ಮಗುಚಿ, ಕೊಯ್ದ ಮುಖಗಳನ್ನು ಮೇಜಿನ ಮೇಲೆಯೇ ಒಂದಕ್ಕೊಂದು ಕೂಡಿಸಿ. ಮೇಲೋ ಕೆಳಗೋ ಸಂದು ಕಂಡರೆ ನಿಜವಾದ ದೋಷ ಆ ಸಂದಿನ ಅರ್ಧ. ಹೀಗೆ ದೋಷ ಇಮ್ಮಡಿಯಾಗಿ ಕಾಣುವುದರಿಂದ ಸಾಧಾರಣ ಮೂಲೆಮಟ್ಟಕ್ಕಿಂತ ಈ ಪರೀಕ್ಷೆ ಸೂಕ್ಷ್ಮವಾದದ್ದು. ಡಿಜಿಟಲ್ ಕೋನಮಾಪಕ ಬಳಸುವವರು ಮೊದಲು ಅದನ್ನು ಮೇಜಿನ ಮೇಲಿಟ್ಟು ಸೊನ್ನೆ ಮಾಡಿ, ಆಮೇಲೆ ಹಲ್ಲಿಗೆ ತಾಗದಂತೆ ಬ್ಲೇಡಿನ ಹಾಳೆಗೆ ಅಂಟಿಸಬೇಕು. 0.2 ಡಿಗ್ರಿಯ ತಪ್ಪು 100 ಮಿ.ಮೀ. ದಪ್ಪದಲ್ಲಿ 0.35 ಮಿ.ಮೀ. ಸಂದಾಗುತ್ತದೆ ಎಂಬುದು ನೆನಪಿರಲಿ.

ನಿನ್ನೆ ಸರಿಯಿದ್ದದ್ದು ಇಂದು ತಪ್ಪಿದ್ದರೆ 90 ಡಿಗ್ರಿಯ ತಡೆಬೋಲ್ಟಿನ ಬಳಿ ಮರದ ಹೊಟ್ಟು ಒತ್ತಿಕೊಂಡು ಕೂತಿರುತ್ತದೆ. ಬ್ರಷ್ ಹಾಕಿ ತೆಗೆಯಿರಿ. ಬ್ಲೇಡಿನ ಸುತ್ತ ಕೂರುವ ಇನ್ಸರ್ಟ್ ಪ್ಲೇಟ್ ಮೇಜಿಗಿಂತ ಎತ್ತರವೋ ತಗ್ಗೋ ಇದ್ದರೂ ಹಲಗೆ ಬ್ಲೇಡಿನ ಬಳಿ ಸೊಟ್ಟಗೆ ಕೂತು ಇದೇ ದೋಷ ಕಾಣಿಸುತ್ತದೆ. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸೀಳುವಾಗ ಮಾತ್ರ ತಪ್ಪು ಬಂದರೆ, ಫೆನ್ಸಿನ ಮುಖ ಮೇಜಿಗೆ ಲಂಬವಾಗಿಲ್ಲ.

ಅಡ್ಡ ಕೊಯ್ತದಲ್ಲಿ ಮೂಲೆ 90 ಡಿಗ್ರಿ ಬರುತ್ತಿಲ್ಲ. ಬ್ಲೇಡನ್ನು ತಿರುಗಿಸಬೇಕೇ?

ಇಲ್ಲ. ಬ್ಲೇಡ್ ಸ್ಲಾಟಿಗೆ ಸಮಾನಾಂತರವಾಗಿಲ್ಲದಿದ್ದರೂ ಮೂಲೆಯ ಕೋನ ಅದರಿಂದ ನೇರವಾಗಿ ಬದಲಾಗುವುದಿಲ್ಲ ಎಂಬುದನ್ನು ಅನೇಕರು ಗಮನಿಸಿರುವುದಿಲ್ಲ. ತುಂಡು ಸ್ಲಾಟಿನ ದಾರಿಯಲ್ಲಿ ಸಾಗುತ್ತದೆ, ಕೊಯ್ದ ಗೆರೆಯೂ ಆ ದಾರಿಗೇ ಸಮಾನಾಂತರವಾಗಿರುತ್ತದೆ. ಬ್ಲೇಡ್ ಓರೆಯಿದ್ದರೆ ಸಂದು ಅಗಲವಾಗಿ ಅಂಚು ಒರಟಾಗುತ್ತದೆ, ತುಂಡನ್ನು ಪಕ್ಕಕ್ಕೆ ಎಳೆಯಲೂಬಹುದು. ಕೋನವನ್ನು ನಿರ್ಧರಿಸುವುದು ಮೈಟರ್ ಗೇಜಿನ ಮುಖ ಅಥವಾ ನೀವೇ ಮಾಡಿಕೊಂಡ ಸ್ಲೆಡ್ಡಿನ, ಅಂದರೆ ಸ್ಲಾಟಿನಲ್ಲಿ ಜಾರುತ್ತ ತುಂಡನ್ನು ಹೊತ್ತೊಯ್ಯುವ ಹಲಗೆಯ, ಫೆನ್ಸು.

ಮೊದಲು ಮೈಟರ್ ಗೇಜಿನ ಪಟ್ಟಿಯನ್ನು ಸ್ಲಾಟಿನೊಳಗೆ ಅಲುಗಾಡಿಸಿ ನೋಡಿ. ಪಕ್ಕಕ್ಕೆ ಆಟವಿದ್ದರೆ ಪಟ್ಟಿಯಲ್ಲಿರುವ ಸಣ್ಣ ಸ್ಕ್ರೂಗಳನ್ನು ಬಿಗಿಯಬೇಕು; ಸ್ಕ್ರೂ ಇಲ್ಲದ ಪಟ್ಟಿಯ ಬದಿಗೆ ಪಂಚಿನಿಂದ ಅಲ್ಲಲ್ಲಿ ಹೊಡೆದರೆ ಅಂಚು ಉಬ್ಬಿ ಸಡಿಲ ತುಂಬುತ್ತದೆ. ಆಟ ಉಳಿಸಿಕೊಂಡು ಕೋನ ಹೊಂದಿಸಿ ಪ್ರಯೋಜನವಿಲ್ಲ.

ಇನ್ನು ಕೋನವನ್ನು ಅಳೆಯಲು ಐದು ಕೊಯ್ತದ ವಿಧಾನಕ್ಕಿಂತ ಮೇಲಾದದ್ದನ್ನು ನಾನು ಕಂಡಿಲ್ಲ. ಸುಮಾರು 400 ಮಿ.ಮೀ. ಚೌಕದ ಪ್ಲೈವುಡ್ ತೆಗೆದುಕೊಂಡು ಒಂದಂಚನ್ನು ಸವರಿದಂತೆ ಕೊಯ್ಯಿರಿ. ಕೊಯ್ದ ಆ ಅಂಚನ್ನು ಗೇಜಿನ ಮುಖಕ್ಕೆ ತಾಗುವಂತೆ ಹಲಗೆಯನ್ನು ತಿರುಗಿಸಿ ಎರಡನೆಯ ಅಂಚು, ಅದೇ ದಿಕ್ಕಿನಲ್ಲಿ ತಿರುಗಿಸುತ್ತ ಮೂರನೆಯದು, ನಾಲ್ಕನೆಯದು. ಐದನೆಯ ಸಲ ಮತ್ತೆ ಮೊದಲ ಅಂಚೇ ಬರುತ್ತದೆ. ಈಗ ಸುಮಾರು 25 ಮಿ.ಮೀ. ಅಗಲದ ಪಟ್ಟಿಯೊಂದನ್ನು ಕೊಯ್ದು ಬಿಡಿಸಿ. ಆ ಪಟ್ಟಿಯ ಎರಡೂ ತುದಿಗಳ ಅಗಲವನ್ನು ಕ್ಯಾಲಿಪರಿನಿಂದ ಅಳೆಯಿರಿ. ಒಂದು ತುದಿ 25.40, ಇನ್ನೊಂದು 25.00 ಬಂದರೆ ವ್ಯತ್ಯಾಸ 0.40 ಮಿ.ಮೀ. ನಾಲ್ಕು ಸಲ ತಿರುಗಿಸಿದಾಗ ದೋಷವೂ ನಾಲ್ಕು ಪಟ್ಟು ಬೆಳೆದಿರುವುದರಿಂದ ನಿಜವಾದ ದೋಷ 400 ಮಿ.ಮೀ. ಉದ್ದಕ್ಕೆ 0.10 ಮಿ.ಮೀ. ಮಾತ್ರ. ನಿಮ್ಮ ಸ್ಲೆಡ್ಡಿನ ಫೆನ್ಸು ಒಂದು ತುದಿಯ ಸ್ಕ್ರೂವಿನ ಸುತ್ತ ತಿರುಗುವಂತಿದ್ದು, ಅಲ್ಲಿಂದ ಹೊಂದಿಸುವ ತುದಿ 500 ಮಿ.ಮೀ. ದೂರದಲ್ಲಿದ್ದರೆ, ಆ ತುದಿಯನ್ನು 0.125 ಮಿ.ಮೀ. ಸರಿಸಬೇಕು. ಫೀಲರ್ ಗೇಜಿನ ಹಾಳೆಯೊಂದನ್ನು ಫೆನ್ಸು ಮತ್ತು ಕಟ್ಟಿದ ಮರದ ತುಂಡಿನ ನಡುವೆ ಇಟ್ಟು ಈ ಸಣ್ಣ ಚಲನೆಯನ್ನು ನಿಖರವಾಗಿ ಮಾಡಬಹುದು. ಮತ್ತೆ ಐದು ಕೊಯ್ತ ಮಾಡಿದಾಗ ವ್ಯತ್ಯಾಸ ಇಮ್ಮಡಿಯಾಗಿದ್ದರೆ ತಪ್ಪು ದಿಕ್ಕಿಗೆ ಸರಿಸಿದ್ದೀರಿ, ಅಷ್ಟೇ.

ಮರದ ಪಟ್ಟಿಯ ಮೇಲೆ ಜಾರುವ ಸ್ಲೆಡ್ಡು ಮಳೆಗಾಲದಲ್ಲಿ ಬಿಗಿಯಾಗಿ ಬೇಸಗೆಯಲ್ಲಿ ಸಡಿಲವಾಗುತ್ತದೆ. ಕೋನ ಋತುವಿಗೊಮ್ಮೆ ಕೆಡುತ್ತಿದ್ದರೆ ಪಟ್ಟಿಯನ್ನು ಲೋಹದ್ದಕ್ಕೆ ಬದಲಿಸಿ.

ಮೈಟರ್ ಗೇಜ್ ನಿಖರವಾಗಿದ್ದರೂ ತುಂಡುಗಳ ಉದ್ದ ಒಂದೇ ಬರುವುದಿಲ್ಲ.

ತುಂಡು ಕೊಯ್ಯುವಾಗ ಜಾರುತ್ತಿದೆ. ಗೇಜಿನ ನುಣುಪಾದ ಲೋಹದ ಮುಖಕ್ಕೆ ಉದ್ದನೆಯ ಮರದ ಪಟ್ಟಿ ಕಟ್ಟಿ, ಅದಕ್ಕೆ ಮರಳುಕಾಗದ ಅಂಟಿಸಿದರೆ ಜಾರುವುದು ನಿಲ್ಲುತ್ತದೆ. ಪ್ರತಿ ತುಂಡನ್ನೂ ಪೆನ್ಸಿಲ್ ಗೆರೆ ನೋಡಿ ಕೊಯ್ಯುವ ಬದಲು ಆ ಪಟ್ಟಿಗೆ ಒಂದು ತಡೆತುಂಡು ಬಿಗಿಯಿರಿ, ಅದರ ಬುಡದಲ್ಲಿ ಹೊಟ್ಟು ಸೇರದಂತೆ ಕೆಳಮೂಲೆಯನ್ನು ಸ್ವಲ್ಪ ಕತ್ತರಿಸಿಡಿ. ಫೆನ್ಸನ್ನೇ ನೇರವಾಗಿ ತಡೆಯಾಗಿ ಬಳಸಬೇಡಿ. ಕೊಯ್ದ ತುಂಡು ಫೆನ್ಸು ಮತ್ತು ಬ್ಲೇಡಿನ ನಡುವೆ ಸಿಕ್ಕಿ ಹಾರುತ್ತದೆ. ಬಳಸಲೇಬೇಕಿದ್ದರೆ ಬ್ಲೇಡಿಗಿಂತ ಸಾಕಷ್ಟು ಮುಂಚೆ ಫೆನ್ಸಿಗೆ ಒಂದು ದಪ್ಪ ತುಂಡನ್ನು ಕಟ್ಟಿ ಅದಕ್ಕೆ ತಾಗಿಸಿ ಅಳೆಯಿರಿ. ಆಗ ಕೊಯ್ಯುವ ಹೊತ್ತಿಗೆ ತುಂಡು ಯಾವುದಕ್ಕೂ ತಾಗಿರುವುದಿಲ್ಲ.

ಚೌಕಟ್ಟಿನ ಮೂರು ಮೂಲೆಗಳು ಕೂಡುತ್ತವೆ, ನಾಲ್ಕನೆಯದು ಬಾಯಿ ಬಿಡುತ್ತದೆ.

ಚೌಕಟ್ಟಿನಲ್ಲಿ 45 ಡಿಗ್ರಿಯ ಎಂಟು ಕೊಯ್ತಗಳಿವೆ. ಒಂದೊಂದರಲ್ಲೂ ಕಾಲು ಡಿಗ್ರಿ ತಪ್ಪಿದರೆ ಎಂಟೂ ಸೇರಿ ಕೊನೆಯ ಮೂಲೆಯಲ್ಲಿ 2 ಡಿಗ್ರಿ ಸಂದು ಉಳಿಯುತ್ತದೆ. ಗೇಜನ್ನು ಪರಿಪೂರ್ಣವಾಗಿಸುವುದಕ್ಕಿಂತ ಸುಲಭವಾದ ದಾರಿ ಇದೆ: ಒಂದಕ್ಕೊಂದು ಖಚಿತವಾಗಿ 90 ಡಿಗ್ರಿಯಲ್ಲಿರುವ ಎರಡು ಫೆನ್ಸುಗಳನ್ನು ಸ್ಲೆಡ್ಡಿನ ಮೇಲೆ ಕೂರಿಸಿ, ಪ್ರತಿ ಮೂಲೆಯ ಒಂದು ತುಂಡನ್ನು ಎಡ ಫೆನ್ಸಿನಲ್ಲೂ ಜೊತೆಯದನ್ನು ಬಲ ಫೆನ್ಸಿನಲ್ಲೂ ಕೊಯ್ಯುವುದು. ಒಂದು 44.8 ಬಂದರೆ ಇನ್ನೊಂದು 45.2 ಬಂದು ಮೂಲೆ 90 ಆಗುತ್ತದೆ. ಎದುರುಬದುರಿನ ತುಂಡುಗಳ ಉದ್ದ ಒಂದೇ ಇರಲೇಬೇಕು. ಉದ್ದ ತಪ್ಪಿದ್ದರೆ ಕೋನ ಎಷ್ಟೇ ಸರಿಯಿದ್ದರೂ ಸಂದು ಬಿಡುತ್ತದೆ.

ಫೆನ್ಸಿನ ಮಾಪಕ ತೋರಿಸುವುದಕ್ಕೂ ಬಂದ ಅಗಲಕ್ಕೂ ತಾಳೆಯಾಗುವುದಿಲ್ಲ.

ಬ್ಲೇಡ್ ಬದಲಿಸಿದ್ದೀರಾ? ಪೂರ್ಣ ದಪ್ಪದ ಬ್ಲೇಡ್ ಸುಮಾರು 3.2 ಮಿ.ಮೀ., ತೆಳು ಬ್ಲೇಡ್ ಸುಮಾರು 2.4 ಮಿ.ಮೀ. ಸಂದು ಕೊಯ್ಯುತ್ತದೆ. ಬ್ಲೇಡ್ ಬದಲಾದಾಗ ಮಾಪಕದ ಗೆರೆಯನ್ನು ಹೊಸದಾಗಿ ಹೊಂದಿಸಬೇಕು: ಒಂದು ಪಟ್ಟಿ ಸೀಳಿ, ಅದರ ಅಗಲವನ್ನು ಕ್ಯಾಲಿಪರಿನಿಂದ ಅಳೆದು, ಫೆನ್ಸನ್ನು ಕದಲಿಸದೆ ಗೆರೆಯನ್ನು ಆ ಸಂಖ್ಯೆಗೆ ತನ್ನಿ. ಒಂದು ಹಲಗೆಯಿಂದ 50 ಮಿ.ಮೀ.ನ ಹತ್ತು ಪಟ್ಟಿ ಬೇಕಿದ್ದರೆ 500 ಮಿ.ಮೀ. ಹಲಗೆ ಸಾಲದು ಎಂಬುದೂ ಇಲ್ಲಿಯದೇ ಲೆಕ್ಕ. ಒಂಬತ್ತು ಕೊಯ್ತಗಳು 3.2ರಂತೆ 28.8 ಮಿ.ಮೀ. ನುಂಗುತ್ತವೆ. ಒಂದು ಕೆಲಸ ಮುಗಿಯುವ ತನಕ ಒಂದೇ ಅಳತೆಟೇಪು ಬಳಸಿರಿ.

ಯಾವ ಬ್ಲೇಡಿನಿಂದ ಕೊಯ್ತ ನೇರ ಬರುತ್ತದೆ?

ಎಳೆಯ ಉದ್ದಕ್ಕೆ ದಪ್ಪ ಮರ ಸೀಳಲು 24 ಹಲ್ಲು, ಅಡ್ಡ ಕೊಯ್ಯಲು ಮತ್ತು ಪ್ಲೈವುಡ್ಡಿಗೆ 60ರಿಂದ 80, ಎರಡಕ್ಕೂ ಒಂದೇ ಬೇಕಿದ್ದರೆ 40ರಿಂದ 50. ದಪ್ಪ ಮರವನ್ನು 80 ಹಲ್ಲಿನ ಬ್ಲೇಡಿನಿಂದ ಸೀಳಿದರೆ ಹೊಟ್ಟು ಹೊರಹೋಗಲು ಜಾಗವಿಲ್ಲದೆ ಬ್ಲೇಡ್ ಕಾದು ಬಾಗುತ್ತದೆ, ಕೊಯ್ತ ಅಲೆಯಲೆಯಾಗುತ್ತದೆ. ಮೋಟಾರು ದುರ್ಬಲವಿದ್ದರೆ ತೆಳು ಬ್ಲೇಡ್ ಒಳ್ಳೆಯದು. ಆದರೆ ಅದು ಬೇಗ ಬಾಗುವುದರಿಂದ ಗಂಟುಗಳಿರುವ ಮರದಲ್ಲಿ ನಿಧಾನ ಬೇಕು.

ಕೈಯಲ್ಲಿ ಹಿಡಿಯುವ ವೃತ್ತಾಕಾರದ ಗರಗಸವನ್ನು ಪ್ಲೈವುಡ್ ಮೇಜಿನ ಅಡಿಗೆ ತಲೆಕೆಳಗಾಗಿ ಕೂರಿಸಿಕೊಂಡಿದ್ದೇನೆ. ಇದರಲ್ಲಿ ನಿಖರತೆ ಸಾಧ್ಯವೇ?

ಒಂದು ಮಟ್ಟಿಗೆ ಸಾಧ್ಯ. ಇಲ್ಲಿ ಎರಕದ ಸ್ಲಾಟ್ ಇಲ್ಲದ ಕಾರಣ ಆಧಾರವನ್ನು ನೀವೇ ಮಾಡಿಕೊಳ್ಳಬೇಕು: ಮೇಜಿನಲ್ಲಿ ಒಂದು ನೇರ ತೋಡು ತೆಗೆದು ಲೋಹದ ಹಳಿ ಕೂರಿಸಿ, ಅನಂತರ ಗರಗಸದ ಅಡಿತಟ್ಟೆಯ ಬೋಲ್ಟಿನ ರಂಧ್ರಗಳನ್ನು ಸ್ವಲ್ಪ ದೊಡ್ಡದು ಮಾಡಿ, ಬ್ಲೇಡ್ ಆ ಹಳಿಗೆ ಸಮಾನಾಂತರವಾಗುವ ತನಕ ಸರಿಸಿ ಬಿಗಿಯಬೇಕು. ಅಡಿತಟ್ಟೆ ತೆಳು ತಗಡಿನದಾದರೆ ಬಿಗಿದಾಗ ತಿರುಚಿಕೊಳ್ಳುತ್ತದೆ. ಪ್ಲೈವುಡ್ ಮೇಜು ಗರಗಸದ ಭಾರಕ್ಕೆ ನಡುವೆ ಜಗ್ಗುತ್ತದೆ. ಅಡಿಯಲ್ಲಿ ಎರಡು ಗಟ್ಟಿ ಮರದ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಬಿಗಿದರೆ ಜಗ್ಗುವುದು ಕಡಿಮೆಯಾಗುತ್ತದೆ. ರೈವಿಂಗ್ ನೈಫ್, ಬ್ಲೇಡ್ ಗಾರ್ಡ್ ಮತ್ತು ಕೈಗೆಟಕುವ ಸ್ವಿಚ್ ಇಲ್ಲದೆ ಇಂಥ ಮೇಜಿನಲ್ಲಿ ಮರ ಸೀಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಿಖರತೆ ಅದರ ನಂತರದ ಮಾತು.

ಈ ಪರೀಕ್ಷೆಗಳನ್ನು ಎಷ್ಟು ಸಲ ಮಾಡಬೇಕು?

ಗರಗಸವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಿದಾಗ, ಹಲಗೆ ಸಿಕ್ಕಿ ಹಿಂದಕ್ಕೆ ಚಿಮ್ಮಿದ ಮೇಲೆ, ಮತ್ತು ಮುಖ್ಯವಾದ ಕೆಲಸ ಶುರುಮಾಡುವ ಮುನ್ನ ಸಮಾನಾಂತರವನ್ನೂ ಲಂಬವನ್ನೂ ನೋಡಬೇಕು. ಹೊತ್ತೊಯ್ಯುವ ಗರಗಸವಾದರೆ ಪ್ರತಿಸಲ ಇಳಿಸಿದಾಗಲೂ. ಗೋಡೆಗೊರಗಿ ಕದಲದೆ ನಿಂತ ಭಾರವಾದ ಗರಗಸಕ್ಕೆ ವರ್ಷಕ್ಕೆರಡು ಸಲ ಸಾಕು. ಅದೇ ಹೊತ್ತಿಗೆ ಮೇಜಿಗೆ ಮೇಣ ಸವರಿ, ಸಿಲಿಕೋನ್ ಇಲ್ಲದ ಮೇಣವನ್ನೇ ಆರಿಸಿ. ಸಿಲಿಕೋನ್ ಮರಕ್ಕೆ ಅಂಟಿದರೆ ಮುಂದೆ ಪಾಲಿಶ್ ಹಿಡಿಯುವುದಿಲ್ಲ. ಅಳೆದ ಸಂಖ್ಯೆಗಳನ್ನು ತಾರೀಖಿನೊಂದಿಗೆ ಗರಗಸದ ಪೆಟ್ಟಿಗೆಯ ಒಳಬದಿಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟರೆ, ಯಾವ ಭಾಗ ಎಷ್ಟು ದಿನಕ್ಕೆ ಕದಲುತ್ತದೆ ಎಂಬುದು ಮುಂದಿನ ಸಲ ಹುಡುಕುವ ಮೊದಲೇ ಕಣ್ಣಿಗೆ ಬೀಳುತ್ತದೆ.